ದತ್ತುಮಗನೂ ಸಾಕುಮಗನೂ: ಕನ್ನಡ ನಾಡಿನ ಗೃಹಜೀವನದಲ್ಲಿ ಪುತ್ರಸ್ವೀಕಾರ

ಪರರ ಮಗುವನ್ನು ತಮ್ಮದನ್ನಾಗಿ ಮಾಡಿಕೊಳ್ಳುವ ವಿಚಾರದಲ್ಲಿ ಕನ್ನಡಕ್ಕೆ ಎರಡು ಮಾತುಗಳುಂಟು: ಒಂದು 'ದತ್ತು', ಇನ್ನೊಂದು 'ಸಾಕು'. ಮೊದಲನೆಯದು 'ಕೊಡಲ್ಪಟ್ಟುದು' ಎಂಬರ್ಥದ ಸಂಸ್ಕೃತ 'ದತ್ತ' ಶಬ್ದದಿಂದ ಬಂದುದು. ಎರಡನೆಯದು ಅಚ್ಚಗನ್ನಡದ ಧಾತು. ದತ್ತುಮಗನೆಂದರೆ ಮನೆಯ ಹಕ್ಕಿಗೆ ಬಂದವನು. ಸಾಕುಮಗನೆಂದರೆ ಮನೆಯ ಅನ್ನದಲ್ಲಿ ಬೆಳೆದವನು. ಧರ್ಮಶಾಸ್ತ್ರಕಾರರೂ ಅವರನ್ನು ಅನುಸರಿಸಿದ ನ್ಯಾಯಾಲಯಗಳೂ ಗಣನೆಗೆ ತಂದುದು ಕೊಡುವುದನ್ನು. ಮನೆಯೊಳಗಣ ಬಾಳು ನಡೆದುದು ಸಾಕುವುದರಿಂದ. ಈ ಎರಡರ ನಡುವಣ ಅಂತರದ ಭಾರವನ್ನು ಬಹುಕಾಲ ಹೊತ್ತವರು ಮನೆಯ ಹೆಂಗಸರೇ ಎಂಬುದು ನಾಡಿನ ಚರಿತ್ರೆಯಿಂದ ತಿಳಿದುಬರುತ್ತದೆ.

ಶಾಸ್ತ್ರದ ನಿಲುವನ್ನು ಮೊದಲು ನೋಡಬಹುದು. ಮಗು ತಾಯಿತಂದೆಗಳಿಬ್ಬರಿಂದಲೂ ಹುಟ್ಟಿದುದಾದ್ದರಿಂದ ಅದನ್ನು ಕೊಡಲು ಅವರಿಬ್ಬರೂ ಸಮರ್ಥರೆಂದು ವಸಿಷ್ಠ ಧರ್ಮಸೂತ್ರವು ಹೇಳುತ್ತದೆ. ಒಬ್ಬನೇ ಮಗನನ್ನು ಕೊಡಲೂ ಕೂಡದು, ಕೊಳ್ಳಲೂ ಕೂಡದು. ಬಂಧುಗಳನ್ನು ಕರೆದು, ರಾಜನಿಗೆ ತಿಳಿಸಿ, ಮನೆಯ ನಡುವೆ ಹೋಮಮಾಡಿ ಸ್ವೀಕರಿಸಬೇಕು. ಆಮೇಲೆ ಔರಸನು ಹುಟ್ಟಿದರೆ ದತ್ತಕನಿಗೆ ನಾಲ್ಕನೆಯ ಒಂದು ಭಾಗ ಸಲ್ಲಬೇಕು. ಇಷ್ಟೆಲ್ಲ ವಿವರಗಳ ನಡುವೆ ಸ್ತ್ರೀಯ ವಿಷಯದಲ್ಲಿ ಒಂದು ಕಟ್ಟು ಇದೆ: ಗಂಡನ ಅನುಮತಿಯಿಲ್ಲದೆ ಆಕೆ ಕೊಡಲೂ ಬಾರದು, ತೆಗೆದುಕೊಳ್ಳಲೂ ಬಾರದು. ಮುಂದಿನ ವ್ಯಾಜ್ಯಗಳಿಗೆಲ್ಲ ಈ ಒಂದು ವಾಕ್ಯವೇ ಬೀಜವಾಯಿತು.

ಈ ಶಾಸ್ತ್ರವಿಚಾರದಲ್ಲಿ ಕನ್ನಡ ನಾಡಿನ ಪಾತ್ರವು ಸಣ್ಣದಲ್ಲ. ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (1076–1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ 'ಮಿತಾಕ್ಷರ'ವು ಬಂಗಾಳವನ್ನು ಬಿಟ್ಟು ಹೆಚ್ಚುಕಡಿಮೆ ಭರತಖಂಡಕ್ಕೆಲ್ಲ ಪ್ರಮಾಣಗ್ರಂಥವಾಯಿತು. 'ಸಪಿಂಡ' ಶಬ್ದದಲ್ಲಿನ ಪಿಂಡಕ್ಕೆ ಆತನು ಹೇಳಿದ ಅರ್ಥ ಶ್ರಾದ್ಧದ ಅನ್ನದ ಉಂಡೆಯೆಂದಲ್ಲ, ಒಂದೇ ಶರೀರದ ಅವಯವಗಳ ಸಂಬಂಧವೆಂದು. ಬೇರೊಂದು ಶರೀರದಿಂದ ಬಂದ ಮಗು ಈ ಮನೆಯದಾಗುವುದು ಹೇಗೆ ಎಂಬ ಪ್ರಶ್ನೆ ಇದರಿಂದ ಇನ್ನಷ್ಟು ಮೊನಚಾಗುತ್ತದೆ. ಆಪತ್ತಿನಲ್ಲಿ ಮಾತ್ರ ಮಗನನ್ನು ಕೊಡಬೇಕೆಂಬ ಸ್ಮೃತಿವಾಕ್ಯವನ್ನು ವ್ಯಾಖ್ಯಾನಿಸುತ್ತ, ಈ ನಿಷೇಧವು ಕೊಡುವವನಿಗೆ ಅನ್ವಯಿಸತಕ್ಕುದೆಂದು ಆತನು ಹೇಳುತ್ತಾನೆ. ಮಗುವನ್ನು ಕೊಡುವುದು ಸುಲಭದ ಕಾರ್ಯವಲ್ಲವೆಂಬ ಅರಿವು ಈ ಮಾತಿನ ಹಿಂದೆ ಇದೆ.

ಸಾಕುವುದರ ಬೆಲೆಯನ್ನು ಶಾಸ್ತ್ರಕ್ಕಿಂತ ಸ್ಪಷ್ಟವಾಗಿ ಕಂಡುದು ಇತಿಹಾಸಕಾವ್ಯ. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಕೃಷ್ಣನು ಕರ್ಣನಿಗೆ ಅವನ ಜನ್ಮರಹಸ್ಯವನ್ನು ತಿಳಿಸಿ ರಾಜ್ಯವನ್ನೇ ಮುಂದಿಟ್ಟಾಗ, ಕರ್ಣನು ಕೊಡುವ ಉತ್ತರದಲ್ಲಿ ಕುಲಕ್ಕಿಂತ ಮುಂಚೆ ಬರುವುದು ರಾಧೆಯ ಮಾತು. ತನ್ನನ್ನು ಕಂಡೊಡನೆ ಆಕೆಯ ಎದೆಯಲ್ಲಿ ಹಾಲು ಸುರಿದುದನ್ನು, ತನ್ನ ಮಲಮೂತ್ರಗಳನ್ನು ಆಕೆ ತೆಗೆದುದನ್ನು, ಅಧಿರಥನು ತನಗೆ ಜಾತಕರ್ಮಾದಿಗಳನ್ನು ಮಾಡಿಸಿದುದನ್ನು ನೆನೆದು, ಅಂತಹವಳಿಗೆ ಸಲ್ಲಬೇಕಾದ ಪಿಂಡವನ್ನು ತಾನು ತಪ್ಪಿಸುವುದು ಹೇಗೆಂದು ಆತನು ಕೇಳುತ್ತಾನೆ. ಇಲ್ಲಿ ಕರ್ಣನನ್ನು ಯಾರೂ ವಿಧಿಪೂರ್ವಕವಾಗಿ ಕೊಟ್ಟಿಲ್ಲ, ಹೊಳೆಯಲ್ಲಿ ತೇಲಿಬಿಟ್ಟಿದ್ದಾರೆ. ಶಾಸ್ತ್ರದ ಲೆಕ್ಕದಲ್ಲಿ ಆತನು ದತ್ತಕನೇ ಅಲ್ಲ. ಆದರೂ ಪಿಂಡದ ಹಕ್ಕನ್ನು ಆತನು ಸಾಕಿದವರಿಗೇ ಉಳಿಸುತ್ತಾನೆ.

ದತ್ತಕಕ್ಕೆ ಪಿಂಡೋದಕಗಳೇ ಕಾರಣವೆಂದು ಸಾಮಾನ್ಯವಾಗಿ ಹೇಳುವುದುಂಟು. ಕನ್ನಡ ನಾಡಿನ ಆಚಾರವನ್ನು ನೋಡಿದರೆ ಇದು ಪೂರ್ಣ ಸತ್ಯವಲ್ಲವೆಂದು ತೋರುತ್ತದೆ. ಶ್ರಾದ್ಧದಲ್ಲಿ ನಂಬಿಕೆಯಿಲ್ಲದ ಜೈನರಲ್ಲಿಯೂ ವೀರಶೈವರಲ್ಲಿಯೂ ದತ್ತಕವು ರೂಢಿಯಾಗಿ ನಡೆದುಬಂದಿದೆ. ತುಳುನಾಡಿನ ಅಳಿಯಸಂತಾನದ ಕುಟುಂಬಗಳಲ್ಲಿ ವಂಶವು ಹೆಣ್ಣಿನಿಂದ ಸಾಗುವುದರಿಂದ, ಹೆಣ್ಣುಸಂತತಿ ನಿಂತುಹೋಗುವಂತಿದ್ದಾಗ ಸ್ವೀಕರಿಸುತ್ತಿದ್ದುದು ಹೆಣ್ಣುಮಗುವನ್ನು. ಮನೆಯ ದೀಪ ಆರಬಾರದು, ಹೊಲಮನೆ ಪರರ ಪಾಲಾಗಬಾರದು, ಮುಪ್ಪಿನಲ್ಲಿ ನೋಡಿಕೊಳ್ಳುವವರು ಬೇಕು ಎಂಬುವೇ ಇಲ್ಲಿನ ನಿಜವಾದ ಕಾರಣಗಳು.

ಯಾವ ಮಗುವನ್ನು ತರಬೇಕೆಂಬುದರಲ್ಲಿಯೂ ಮನೆಯ ವಾಡಿಕೆ ಗ್ರಂಥವನ್ನು ಮೀರಿತು. ನಂದಪಂಡಿತನ 'ದತ್ತಕಮೀಮಾಂಸೆ'ಯು ಮಗಳ ಮಗನನ್ನೂ ಸೋದರಿಯ ಮಗನನ್ನೂ ದ್ವಿಜರು ಸ್ವೀಕರಿಸಕೂಡದೆಂದು ವಿಧಿಸುತ್ತದೆ. ಸೋದರಮಾವನೊಡನೆ ಮದುವೆ ನಡೆಯುವ ದಕ್ಷಿಣದೇಶದಲ್ಲಿ ಈ ನಿಷೇಧ ನಿಲ್ಲಲಿಲ್ಲ. ಬ್ರಾಹ್ಮಣರಲ್ಲಿಯೂ ಇಂತಹ ದತ್ತಕಗಳು ನಡೆದುವು, ನ್ಯಾಯಾಲಯಗಳು ಅವನ್ನು ದೇಶಾಚಾರವೆಂದು ಮನ್ನಿಸಿದುವು. ಅಜ್ಜಿಯ ಮನೆಗೋ ಮಾವನ ಮನೆಗೋ ಹೋದ ಮಗುವಿಗೆ ಆ ಅಡುಗೆಮನೆ ಹೊಸದಲ್ಲ, ಹೆತ್ತ ತಾಯಿಗೂ ಆ ಬಾಗಿಲು ಮುಚ್ಚಿದುದಲ್ಲ. ವಾಡಿಕೆಯ ವಿವೇಕ ಇಲ್ಲಿ ಕಾಣುತ್ತದೆ.

ಮನೆಯ ಈ ವಿಷಯವು ರಾಜ್ಯದ ವಿಷಯವಾದಾಗ ರಕ್ತವೂ ಹರಿದಿದೆ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ಆತನ ದತ್ತುಮಗನೆಂದು ಮುಂದಿಟ್ಟ ಶಿವಲಿಂಗಪ್ಪನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಮಲತಾಯಿಯಾದ ಚೆನ್ನಮ್ಮರಾಣಿ ದತ್ತಕದ ಪರವಾಗಿ ನಿಂತಳು. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಮಡಿದನು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ರಾಣಿಯು 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿಯೇ ಅಸುನೀಗಿದಳು. ಮೈಸೂರಿನಲ್ಲಿ ಕಥೆ ಬೇರೆಯಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು 1865ರ ಜೂನ್ ತಿಂಗಳಿನಲ್ಲಿ, ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ, ಬೆಟ್ಟದಕೋಟೆ ಮನೆತನದ ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಆಂಗ್ಲ ಸರ್ಕಾರವು 1867ರಲ್ಲಿ ಅದನ್ನು ಮನ್ನಿಸಿತು. 1881ರ ಮಾರ್ಚ್ 25ರಂದು ರಾಜ್ಯವು ಆ ದತ್ತುಪುತ್ರರ ಕೈಸೇರಿತು.

ಅರಮನೆಯ ಕಥೆಗಳು ಬರಹಕ್ಕೆ ಬಂದುವು. ಒಕ್ಕಲುಮನೆಯ ವಿಧವೆಯ ಸಂಕಟವು ವ್ಯಾಜ್ಯಗಳ ತೀರ್ಪಿನಲ್ಲಿ ಮಾತ್ರ ಇಣುಕುತ್ತದೆ. ಗಂಡನ ಅನುಮತಿಯನ್ನು ಕುರಿತ ಆ ಹಳೆಯ ವಾಕ್ಯಕ್ಕೆ ಪ್ರಾಂತಕ್ಕೊಂದು ಅರ್ಥ ಬಂದಿತು. ಮುಂಬಯಿ ಪ್ರಾಂತಕ್ಕೆ ಸೇರಿದ ಧಾರವಾಡ, ಬೆಳಗಾಂವಿಗಳಲ್ಲಿ ಗಂಡನು ನಿಷೇಧಿಸದಿದ್ದರೆ ವಿಧವೆಯು ಆತನ ಅನುಮತಿಯಿಲ್ಲದೆಯೂ ದತ್ತು ತೆಗೆದುಕೊಳ್ಳಬಹುದಾಗಿತ್ತು. ಮದರಾಸು ಪ್ರಾಂತದ ಕ್ರಮದಲ್ಲಿ ಗಂಡನ ಅಪ್ಪಣೆ, ಅದಿಲ್ಲದಿದ್ದರೆ ಸಪಿಂಡರ ಒಪ್ಪಿಗೆ, ಬೇಕಾಗಿತ್ತು. 1868ರಲ್ಲಿ ರಾಮನಾಡಿನ ವ್ಯಾಜ್ಯದಲ್ಲಿ ಪ್ರಿವಿ ಕೌನ್ಸಿಲು ಇದನ್ನು ನಿರ್ಣಯಿಸಿತು. ಆಸ್ತಿಗೆ ತಾವೇ ಬಾಧ್ಯರಾಗಬೇಕೆಂದಿರುವ ದಾಯಾದಿಗಳನ್ನೇ ಆಕೆ ಒಪ್ಪಿಗೆ ಬೇಡಬೇಕಾಯಿತೆಂಬುದು ಈ ನಿರ್ಣಯದ ಪರಿಣಾಮ. ದತ್ತು ತೆಗೆದುಕೊಂಡರೂ ಆಕೆಗೆ ನೆಮ್ಮದಿ ಇರಲಿಲ್ಲ. ಮಗು ಮಡಿಲಿಗೆ ಬಂದೊಡನೆ ಗಂಡನ ಆಸ್ತಿ ಮಗನದಾಗಿ, ಆಕೆಗೆ ಜೀವನಾಂಶವಷ್ಟೇ ಉಳಿಯುತ್ತಿತ್ತು. ಮಗನನ್ನು ಪಡೆಯುವ ಕೈಯೇ ಮನೆಯ ಬೀಗದಕೈಯನ್ನು ಒಪ್ಪಿಸಬೇಕಾಗಿತ್ತು. ಮುಂದೆ ಆ ಮಗನು ಆಕೆಯನ್ನು ತಾಯಿಯೆಂದು ಕಾಣುವನೋ ಇಲ್ಲವೋ ಎಂಬುದು ಯಾವ ಪತ್ರದಲ್ಲಿಯೂ ಬರೆಯಲಾಗದ ಮಾತು. ಅದು ಸಾಕಿದ ರೀತಿಯನ್ನು, ಹುಡುಗನ ಸ್ವಭಾವವನ್ನು ಅವಲಂಬಿಸಿತ್ತು.

ಈ ಕಟ್ಟನ್ನು ಸಡಿಲಿಸಿದುದರಲ್ಲಿ ಮೈಸೂರು ಸಂಸ್ಥಾನವು ಮುಂದಾಯಿತು. 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನಿನಂತೆ, ಗಂಡನು ಬರಹದ ಮೂಲಕ ಸ್ಪಷ್ಟವಾಗಿ ನಿಷೇಧಿಸಿರದಿದ್ದರೆ, ದತ್ತಕಕ್ಕೆ ಆತನ ಅಧಿಕಾರವು ವಿಧವೆಗೆ ಉಂಟೆಂದೇ ಭಾವಿಸತಕ್ಕುದಾಯಿತು. ಸ್ವತಂತ್ರ ಭಾರತದ 1956ರ ದತ್ತಕ ಕಾಯಿದೆಯು ಇನ್ನೂ ಮುಂದೆ ಹೋಯಿತು. ವಿಧವೆಯು ತನಗಾಗಿಯೇ ಮಗುವನ್ನು ಸ್ವೀಕರಿಸಬಹುದಾಯಿತು. ಹೆಣ್ಣುಮಗುವೂ ದತ್ತಕಕ್ಕೆ ಅರ್ಹವಾಯಿತು. ದತ್ತಕದಿಂದ ಒಬ್ಬರಿಗೆ ಆಗಲೇ ಪ್ರಾಪ್ತವಾದ ಆಸ್ತಿ ಕಳೆದುಹೋಗದೆಂದು ವಿಧಿಸಲಾಯಿತು. ಗಂಡನುಳ್ಳ ಸ್ತ್ರೀಯು ಆತನ ಸಮ್ಮತಿಯಿಂದ ತಾನೇ ದತ್ತು ತೆಗೆದುಕೊಳ್ಳುವ ಹಕ್ಕು ಬಂದುದು 2010ರ ತಿದ್ದುಪಡಿಯಿಂದ. 2013ರಲ್ಲಿ ಶ್ರೀಕಂಠದತ್ತ ಒಡೆಯರು ಗತಿಸಿದ ಬಳಿಕ, 2015ರಲ್ಲಿ ಪತಿಯ ಅಕ್ಕನ ಮೊಮ್ಮಗ ಯದುವೀರರನ್ನು ಸ್ವೀಕರಿಸಿದವರು ವಿಧವೆಯಾದ ಪ್ರಮೋದಾದೇವಿಯವರೇ. 1865ರಲ್ಲಿ ಅರಸರು ಮಾಡಿದ ಕಾರ್ಯವನ್ನು ಅದೇ ಅರಮನೆಯಲ್ಲಿ ಒಬ್ಬ ಸ್ತ್ರೀ ನೆರವೇರಿಸಿದುದು ಈ ದೀರ್ಘ ಚರಿತ್ರೆಯ ಗತಿಯನ್ನು ಸೂಚಿಸುತ್ತದೆ.

ಇಷ್ಟು ಬದಲಾವಣೆಗಳ ನಡುವೆ ಒಂದು ಅಂಶ ಮಾತ್ರ ಅಳಿಯಲಿಲ್ಲ. ಹೋಮವು ಅವಶ್ಯವಲ್ಲವೆಂದು 1956ರ ಕಾಯಿದೆ ಹೇಳಿದರೂ, ಮಗುವನ್ನು ಒಬ್ಬರು ನಿಜವಾಗಿ ಕೊಡಬೇಕು, ಇನ್ನೊಬ್ಬರು ನಿಜವಾಗಿ ತೆಗೆದುಕೊಳ್ಳಬೇಕು ಎಂಬ ವಸಿಷ್ಠನ ಕಾಲದ ನಿಯಮವನ್ನು ಅದೂ ಉಳಿಸಿಕೊಂಡಿದೆ. ಕಾನೂನಿನ ಕಣ್ಣು ತಲಪುವುದು ಅಷ್ಟರವರೆಗೆ. ಅಲ್ಲಿಂದ ಮುಂದೆ ದತ್ತುಮಗನು ಸಾಕುಮಗನೂ ಆಗಬೇಕು. ಅದು ದಿನದಿನದ ಊಟ, ಜ್ವರ, ಮುನಿಸು, ಮುದ್ದುಗಳಲ್ಲಿ ನಡೆಯತಕ್ಕ ಕಾರ್ಯ. ಕನ್ನಡವು ಈ ಎರಡು ಮಾತುಗಳನ್ನೂ ಬಿಡದೆ ಉಳಿಸಿಕೊಂಡಿರುವುದು ಅರ್ಥವಿಲ್ಲದ ಸಂಗತಿಯಲ್ಲ.