ಶುದ್ಧ ತಳಿಯ ನಾಯಿಗೆ ಜೋಡಿಯ ಆಯ್ಕೆ: ಡಾಲ್ಮೇಶಿಯನ್ ಪ್ರಕರಣದ ಅಧ್ಯಯನ

ಡಾಲ್ಮೇಶಿಯನ್ ನಾಯಿಯ ಚುಕ್ಕೆಗಳಿಗೆ ಮನಸೋಲದವರು ಕಡಿಮೆ. ಅದೇ ನಾಯಿಯ ಮೂತ್ರದಲ್ಲಿ ಯೂರಿಕ್ ಆಮ್ಲದ ಪ್ರಮಾಣ ಮಾತ್ರ ಬೇರೆ ತಳಿಗಳಿಗಿಂತ ಹಲವು ಪಟ್ಟು ಹೆಚ್ಚು. ಸಾಮಾನ್ಯವಾಗಿ ನಾಯಿಯ ಯಕೃತ್ತು ಈ ಆಮ್ಲವನ್ನು ನೀರಿನಲ್ಲಿ ಸುಲಭವಾಗಿ ಕರಗುವ ಅಲಾಂಟಾಯಿನ್ ಆಗಿ ಮಾರ್ಪಡಿಸುತ್ತದೆ. ಡಾಲ್ಮೇಶಿಯನ್‌ನ ಯಕೃತ್ತಿನಲ್ಲೂ ಆ ಕಿಣ್ವ ಇದೆ. ಕೆಟ್ಟಿರುವುದು ಆಮ್ಲವನ್ನು ಜೀವಕೋಶದೊಳಕ್ಕೆ ಸಾಗಿಸುವ ಪ್ರೋಟೀನು. ಪರಿಣಾಮವಾಗಿ ಯೂರೇಟ್ ಕಲ್ಲುಗಳು ಕಟ್ಟಿಕೊಳ್ಳುತ್ತವೆ. ಗಂಡುನಾಯಿಯ ಮೂತ್ರನಾಳ ಶಿಶ್ನದ ಮೂಳೆಯ ಬಳಿ ಇಕ್ಕಟ್ಟಾಗಿರುವುದರಿಂದ ಸಣ್ಣ ಕಲ್ಲು ಕೂಡ ಅಲ್ಲಿ ಸಿಕ್ಕಿಕೊಂಡು ಮೂತ್ರ ಕಟ್ಟಿಸಿಬಿಡುತ್ತದೆ. ಕೂಡಲೇ ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಸಂಚಕಾರ.

ಈ ದೋಷ ತಳಿಯ ಕೆಲವೇ ನಾಯಿಗಳಲ್ಲಿದ್ದಿದ್ದರೆ ಅವನ್ನು ಬಿಟ್ಟು ಉಳಿದವುಗಳಲ್ಲಿ ಜೋಡಿ ಹುಡುಕಬಹುದಿತ್ತು. ಆದರೆ ಶುದ್ಧ ಡಾಲ್ಮೇಶಿಯನ್‌ಗಳೆಲ್ಲವೂ ದೋಷದ ಎರಡೆರಡು ಪ್ರತಿಗಳನ್ನು ಹೊತ್ತಿದ್ದವು. ಜೋಡಿಯ ಆಯ್ಕೆಗೆ ಬಳಸುವ ರೂಢಿಯ ಅಳತೆಗೋಲುಗಳು ಎಲ್ಲಿಯವರೆಗೆ ಕೆಲಸ ಮಾಡುತ್ತವೆ, ಎಲ್ಲಿ ಸೋಲುತ್ತವೆ ಎಂಬುದನ್ನು ತಿಳಿಯಲು ಈ ತಳಿ ಒಳ್ಳೆಯ ಉದಾಹರಣೆ.

ಹೆಣ್ಣುನಾಯಿ ಬೆದೆಗೆ ಬಂದಾಗ ಸಾಕಣೆದಾರರು ಮೊದಲು ನೋಡುವುದು ಪ್ರದರ್ಶನಗಳಲ್ಲಿ ಗೆದ್ದ ಗಂಡನ್ನು. ಒಂದೇ ಚಾಂಪಿಯನ್‌ನಿಂದ ಎಲ್ಲರೂ ಕ್ರಾಸ್ ಮಾಡಿಸಿದರೆ ಎರಡು ಮೂರು ತಲೆಮಾರಿನಲ್ಲಿ ಅದರ ರಕ್ತವಿಲ್ಲದ ಜೋಡಿ ಸಿಗುವುದೇ ಕಷ್ಟವಾಗುತ್ತದೆ; ಅದರೊಳಗೆ ಅಡಗಿದ್ದ ದೋಷವೂ ಅಷ್ಟೇ ವೇಗದಲ್ಲಿ ಹರಡುತ್ತದೆ. ಈ ಅಪಾಯವನ್ನು ಅಳೆಯಲು ಸ್ಯೂಯಲ್ ರೈಟ್ 1922ರಲ್ಲಿ ಇನ್‌ಬ್ರೀಡಿಂಗ್ ಗುಣಾಂಕವನ್ನು ರೂಪಿಸಿದರು. ಒಂದೇ ತಂದೆ, ಬೇರೆ ಬೇರೆ ತಾಯಂದಿರ ನಾಯಿಗಳನ್ನು ಕೂಡಿಸಿದರೆ ಮರಿಗಳ ಗುಣಾಂಕ ಶೇ. 12.5, ಒಡಹುಟ್ಟಿದವುಗಳನ್ನು ಕೂಡಿಸಿದರೆ ಶೇ. 25. ಆದರೆ ವಂಶಾವಳಿಯ ಹಾಳೆಯಲ್ಲಿ ಇರುವಷ್ಟು ತಲೆಮಾರುಗಳಿಗೆ ಮಾತ್ರ ಈ ಲೆಕ್ಕ ಅನ್ವಯಿಸುತ್ತದೆ. ಅದಕ್ಕೂ ಹಿಂದಿನ ನಂಟು ಅದರಲ್ಲಿ ಕಾಣುವುದಿಲ್ಲ. ಗುಣಾಂಕ ಎಷ್ಟೇ ಕಡಿಮೆ ಇರುವ ಜೋಡಿಯನ್ನು ತಂದರೂ ಡಾಲ್ಮೇಶಿಯನ್ ಮರಿಗಳಿಗೆ ಯೂರಿಕ್ ಆಮ್ಲದ ತೊಂದರೆ ತಪ್ಪುತ್ತಿರಲಿಲ್ಲ.

ಅಮೆರಿಕದ ತಳಿವಿಜ್ಞಾನಿ ರಾಬರ್ಟ್ ಶೈಬಲ್ 1973ರಲ್ಲಿ ತಳಿಯ ಗಡಿಯನ್ನೇ ದಾಟಿದರು. ಡಾಲ್ಮೇಶಿಯನ್ ಒಂದನ್ನು ಪಾಯಿಂಟರ್ ಜೊತೆ ಕೂಡಿಸಿ, ಹುಟ್ಟಿದ ಮರಿಗಳಲ್ಲಿ ಯೂರಿಕ್ ಆಮ್ಲ ಕಡಿಮೆ ಇರುವವನ್ನು ಆರಿಸಿ ಮತ್ತೆ ಡಾಲ್ಮೇಶಿಯನ್‌ಗಳಿಗೇ ಕೂಡಿಸುತ್ತ ಹೋದರು. ಪಾಯಿಂಟರ್‌ನ ಪಾಲು ತಲೆಮಾರಿನಿಂದ ತಲೆಮಾರಿಗೆ ಅರ್ಧಕ್ಕಿಳಿಯುತ್ತದೆ. ಬೇಕಾದ ಒಂದು ವಂಶವಾಹಿ ಮಾತ್ರ ಆಯ್ಕೆಯ ಬಲದಿಂದ ಉಳಿದುಕೊಳ್ಳುತ್ತದೆ.

ವಿಜ್ಞಾನ ಸರಳವಾಗಿತ್ತು, ನೋಂದಣಿ ಹಾಗಿರಲಿಲ್ಲ. ಅಮೆರಿಕನ್ ಕೆನಲ್ ಕ್ಲಬ್ 1981ರಲ್ಲಿ ಐದನೇ ತಲೆಮಾರಿನ ಎರಡು ನಾಯಿಗಳನ್ನು ದಾಖಲಿಸಿಕೊಂಡಿತಾದರೂ ತಳಿಯ ಸಂಘದ ಸದಸ್ಯರ ವಿರೋಧದಿಂದ ಮುಂದಿನ ಮರಿಗಳಿಗೆ ಬಾಗಿಲು ಮುಚ್ಚಿತು. 2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಡಾನಿಕಾ ಬನಾಷ್ ಮತ್ತು ಸಂಗಡಿಗರು ದೋಷವು ಎಸ್‌ಎಲ್‌ಸಿ2ಎ9 ಎಂಬ ವಂಶವಾಹಿಯಲ್ಲಿದೆ ಎಂದು ತೋರಿಸಿದರು. 2011ರಲ್ಲಿ ಅಮೆರಿಕನ್ ಕ್ಲಬ್ ಈ ನಾಯಿಗಳನ್ನು ಒಪ್ಪಿಕೊಂಡಿತು.

ಈಗ ಡಿಎನ್‌ಎ ಪರೀಕ್ಷೆಯಿಂದ ಜೋಡಿಯ ಫಲವನ್ನು ಮುಂಚಿತವಾಗಿಯೇ ಲೆಕ್ಕ ಹಾಕಬಹುದು. ಸರಿಯಾದ ಪ್ರತಿ ಪ್ರಬಲವಾದ್ದರಿಂದ ಒಂದಿದ್ದರೂ ಸಾಕು. ಅಂಥ ಒಂದು ಪ್ರತಿಯಿರುವ ನಾಯಿಯನ್ನು ಹಳೆಯ ಮಾದರಿಯ ಡಾಲ್ಮೇಶಿಯನ್‌ಗೆ ಕೂಡಿಸಿದರೆ ಸರಾಸರಿ ಅರ್ಧದಷ್ಟು ಮರಿಗಳು ಪಾರು. ಒಂದೊಂದು ಪ್ರತಿಯಿರುವ ಎರಡನ್ನು ಕೂಡಿಸಿದರೆ ನಾಲ್ಕರಲ್ಲಿ ಮೂರು. ಹಾಗೆಂದು ಎಲ್ಲರೂ ಒಂದೇ ಸುರಕ್ಷಿತ ಗಂಡಿನ ಹಿಂದೆ ಬಿದ್ದರೆ ಚಾಂಪಿಯನ್‌ನ ಕಥೆಯೇ ಮರುಕಳಿಸುತ್ತದೆ. ಈ ತಳಿಯಲ್ಲಿ ಹುಟ್ಟುಕಿವುಡೂ ಹೆಚ್ಚು. ಒಂದು ಕಿವಿ ಕೇಳದ ಮರಿ ಮನೆಯಲ್ಲಿ ಎಲ್ಲದಕ್ಕೂ ಓಗೊಡುವುದರಿಂದ ಒಡೆಯನಿಗೆ ಸುಳಿವೇ ಸಿಗುವುದಿಲ್ಲ. ಸುಮಾರು ಆರು ವಾರದ ಮರಿಯ ತಲೆಗೆ ಸಣ್ಣ ಎಲೆಕ್ಟ್ರೋಡ್ ಚುಚ್ಚಿ, ಒಂದೊಂದೇ ಕಿವಿಗೆ ಶಬ್ದ ಕೇಳಿಸಿ, ಮಿದುಳಿನ ಸ್ಪಂದನೆ ದಾಖಲಿಸಿದಾಗಲೇ ಅದು ಬಯಲಾಗುತ್ತದೆ. ಎರಡೂ ಕಿವಿ ಕೇಳುವ ಜೋಡಿಯನ್ನೇ ಆರಿಸಿದರೆ ಕಿವುಡು ಮರಿಗಳು ಕಡಿಮೆಯಾಗುತ್ತವೆ, ಪೂರ್ತಿ ಇಲ್ಲವಾಗುವುದಿಲ್ಲ.

ಈ ಚರ್ಚೆ ಕರ್ನಾಟಕಕ್ಕೂ ಸಂಬಂಧಿಸಿದೆ. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಮುಧೋಳ ನಾಯಿಯ ಸಂಶೋಧನಾ ಕೇಂದ್ರ ನಡೆಸುತ್ತಿದೆ. ವಂಶಾವಳಿ ಬರೆದಿಡದೆ ಊರಲ್ಲೇ ಬೆಳೆದ ಬೇಟೆನಾಯಿಗಳಿಗೆ ರೈಟ್ ಅವರ ಗುಣಾಂಕ ಹಾಕಲು ಬರುವುದಿಲ್ಲ. ನಂಟನ್ನು ನೇರವಾಗಿ ಡಿಎನ್‌ಎಯಿಂದಲೇ ಅಳೆಯಬೇಕಾಗುತ್ತದೆ. ಸೂಲಿನ ಲೆಕ್ಕ, ಗಂಡುನಾಯಿ ಎಷ್ಟು ಕಡೆ ಕ್ರಾಸ್ ಆಗಿದೆ, ಮರಿಗಳು ಯಾವ ಕಾಯಿಲೆಯಿಂದ ಸತ್ತವು ಎಂಬ ದಾಖಲೆಯೂ ಅದರ ಜೊತೆಗಿದ್ದರೆ, ದೋಷ ತಳಿಯ ತುಂಬ ಹಬ್ಬುವ ಮೊದಲೇ, ಪಾಯಿಂಟರ್‌ನಂಥ ಹೊರ ತಳಿಯ ನೆರವಿಲ್ಲದೆ, ಊರೊಳಗೇ ಬೇರೆ ರಕ್ತದ ಗಂಡನ್ನು ಹುಡುಕಲು ಅವಕಾಶವಿರುತ್ತದೆ.