ನಾಯಿಯ ಮುರಿದ ಹಲ್ಲು: ಕೀಳುವ ಕಾಲದಿಂದ ಉಳಿಸುವ ಕಾಲಕ್ಕೆ

‘ಊಟ ಚೆನ್ನಾಗೇ ಮಾಡ್ತಾನಲ್ಲ ಸಾರ್, ಹಲ್ಲು ಮುರಿದರೇನಂತೆ?’ ಹೈದರಾಬಾದಿನಲ್ಲಿ ನಾಯಿ ಸಾಕಿರುವ ಕನ್ನಡದವರು ಪಶುವೈದ್ಯನಾದ ನನ್ನನ್ನು ಕೇಳುವ ಪ್ರಶ್ನೆ ಇದು. ತೆಲುಗಿನವರು ಕೇಳುವುದೂ ಇದನ್ನೇ: ‘ಬಾಗಾನೇ ತಿಂಟುನ್ನಾಡು ಕದಾ ಸಾರ್.’ ಈಚೆಗೆ ಇದರ ಜೊತೆ ಇನ್ನೆರಡು ಮಾತು ಸೇರಿಕೊಂಡಿವೆ. ನಾಯಿ ತೋಳದ ವಂಶ, ಆದ್ದರಿಂದ ನಲ್ಲಿ ಮೂಳೆ, ಎಮ್ಮೆ ಗೊರಸು, ಯಾಕ್ ಹಾಲಿನ ಗಟ್ಟಿ ಚೀಸು ಕಡಿಸಿದಷ್ಟೂ ಹಲ್ಲಿಗೆ ಒಳ್ಳೆಯದು ಎಂಬುದು ಒಂದು. ಅರಿವಳಿಕೆಯೇ ಇಲ್ಲದೆ ಮನೆಬಾಗಿಲಿಗೆ ಬಂದು ಹಲ್ಲು ಸ್ವಚ್ಛ ಮಾಡಿಕೊಡುತ್ತೇವೆ ಎಂಬ ಜಾಹೀರಾತು ಇನ್ನೊಂದು. ಮೂರೂ ಮಾತುಗಳು ಹುಟ್ಟುವುದು ಹಲ್ಲೆಂದರೆ ಕಣ್ಣಿಗೆ ಕಾಣುವಷ್ಟೇ ಎಂಬ ನಂಬಿಕೆಯಿಂದ. ನಾಯಿಯ ಹಲ್ಲಿನ ಹೆಚ್ಚಿನ ಭಾಗ ಇರುವುದು ಒಸಡಿನೊಳಗೆ, ಅದರ ನೋವೂ ಅಲ್ಲೇ. ಇಷ್ಟನ್ನು ಅರಿಯಲು ಪಶುವೈದ್ಯಕ್ಕೆ ನೂರು ವರ್ಷ ಹಿಡಿಯಿತು. ಆ ಅರಿವು ನಮ್ಮ ಕಾಲೇಜುಗಳನ್ನೂ ಆಸ್ಪತ್ರೆಗಳನ್ನೂ ಇನ್ನೂ ಪೂರ್ತಿ ತಲುಪಿಲ್ಲ.

ಹಳೆಯ ಕಾಲದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಕಲ್ಯಾಣ ಚಾಳುಕ್ಯರ ಮನೆತನದ ಕೀರ್ತಿವರ್ಮ ಹನ್ನೆರಡನೆಯ ಶತಮಾನದ ಆರಂಭದ ಹೊತ್ತಿಗೆ ಕನ್ನಡದಲ್ಲೇ ‘ಗೋವೈದ್ಯ’ ಬರೆದ. ಅದೇ ಮನೆತನದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ನಾಯಿಗಳ ವಿನೋದಕ್ಕೇ ಒಂದು ಭಾಗ ಮೀಸಲಾಗಿದೆ. ಆದರೂ ನಮ್ಮ ಪಶುಪಾಲಕರಿಗೆ ಹಲ್ಲೆಂದರೆ ವಯಸ್ಸಿನ ಲೆಕ್ಕ. ಜಾತ್ರೆಯಲ್ಲಿ ಎತ್ತಿನ ತುಟಿ ಎತ್ತಿ ನೋಡಿ ಎರಡಲ್ಲು, ನಾಲ್ಕಲ್ಲು, ಬಾಯಿಗೂಡಿದೆ ಎನ್ನುವಲ್ಲಿಗೆ ದಂತಪರೀಕ್ಷೆ ಮುಗಿಯುತ್ತಿತ್ತು. ಪಶ್ಚಿಮದಲ್ಲಿ ಕುದುರೆಯದೇ ದೊಡ್ಡಸ್ತಿಕೆ. ಲೂಯಿ ಮೆರಿಲಾಟ್ 1906ರ ಸುಮಾರಿಗೆ ಪ್ರಕಟಿಸಿದ ಪ್ರಾಣಿದಂತವೈದ್ಯದ ಪುಸ್ತಕದಲ್ಲೂ ಮೊದಲ ಮಣೆ ಕುದುರೆಗೇ. ನಾಯಿಯ ಬಾಯಿಯನ್ನು ಅದರ ಸಲುವಾಗಿಯೇ ಅಭ್ಯಾಸ ಮಾಡಿದ ಮೊದಲಿಗರಲ್ಲಿ ವಿಯೆನ್ನಾದ ಯೋಸೆಫ್ ಬೋಡಿಂಗ್‌ಬೌವರ್ ಒಬ್ಬರು.

ಹಲ್ಲಿನ ಚಿಕಿತ್ಸೆಗೆ ಬೇಕಾದ ಅರಿವಳಿಕೆಯ ಚರಿತ್ರೆಯಲ್ಲಿ ಹೈದರಾಬಾದಿಗೊಂದು ಸ್ಥಾನವಿದೆ, ಇಲ್ಲಿನ ನಾಯಿವೈದ್ಯರೇ ಅದನ್ನು ನೆನೆಯುವುದಿಲ್ಲ. ಆರನೆಯ ನಿಜಾಮ ಮೆಹಬೂಬ್ ಅಲಿ ಖಾನ್ ಆಳ್ವಿಕೆಯಲ್ಲಿ, 1888ರಲ್ಲಿ ಮತ್ತು 1889ರಲ್ಲಿ, ಎರಡು ಕ್ಲೋರೋಫಾರ್ಮ್ ಆಯೋಗಗಳು ಈ ಊರಿನಲ್ಲಿ ನಡೆದವು. ಮುಂದಾಳು ಸರ್ಜನ್ ಎಡ್ವರ್ಡ್ ಲಾರಿ. ಎರಡನೆಯದಕ್ಕೆ ‘ಲ್ಯಾನ್ಸೆಟ್’ ಪತ್ರಿಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಅವರನ್ನೇ ಕಳಿಸಿತು. ಪ್ರಯೋಗಕ್ಕೆ ಒಳಗಾದ ಪ್ರಾಣಿಗಳಲ್ಲಿ ಬಹುಪಾಲು ನಾಯಿಗಳು. ಕ್ಲೋರೋಫಾರ್ಮ್ ಹೃದಯವನ್ನು ನೇರವಾಗಿ ನಿಲ್ಲಿಸುವುದಿಲ್ಲ, ಮೊದಲು ನಿಲ್ಲುವುದು ಉಸಿರು ಎಂದು ಆಯೋಗ ತೀರ್ಮಾನಿಸಿತು. 1911ರಲ್ಲಿ ಲೆವಿ ಎಂಬ ವೈದ್ಯ ಹಗುರ ಅರಿವಳಿಕೆಯಲ್ಲೇ ಹೃದಯದ ಲಯ ಕೆಟ್ಟು ಸಾವು ಬರಬಹುದೆಂದು ತೋರಿಸಿದ ಮೇಲೆ ಆ ತೀರ್ಮಾನ ಬಿದ್ದುಹೋಯಿತು. ಉಸಿರಿನ ಮೇಲೆ ಕಣ್ಣಿಡಬೇಕೆಂಬ ಪಾಠ ಮಾತ್ರ ಉಳಿಯಿತು. ಮನುಷ್ಯರ ಅರಿವಳಿಕೆ ಸುರಕ್ಷಿತವಾಗಲೆಂದು ಈ ಊರಿನ ನಾಯಿಗಳು ಪ್ರಾಣ ಕೊಟ್ಟವು. ಅದೇ ಊರಿನಲ್ಲಿ ಇಂದು ನಾಯಿಯ ಹಲ್ಲಿಗೆ ಅರಿವಳಿಕೆ ಕೊಡುವುದು ಅತಿಯಾಯಿತು ಎಂದು ಯಾರಾದರೂ ಹೇಳಿದರೆ ನನಗೆ ಸಂಕಟವಾಗುತ್ತದೆ.

ಹೈದರಾಬಾದಿನ ರಾಜೇಂದ್ರನಗರದ ಪಶುವೈದ್ಯ ಕಾಲೇಜು 1946ರದು, ನಮ್ಮ ಬೆಂಗಳೂರಿನ ಹೆಬ್ಬಾಳದ್ದು 1958ರದು. ನನ್ನ ತಲೆಮಾರಿನವರು ಓದುವ ಹೊತ್ತಿಗೆ ನಾಯಿಯ ಹಲ್ಲಿಗೆ ಶಸ್ತ್ರಚಿಕಿತ್ಸೆಯ ಪಠ್ಯದಲ್ಲಿ ಒಂದು ಮೂಲೆ ಮಾತ್ರ ಇತ್ತು. ಥಯೋಪೆಂಟೋನ್ ಚುಚ್ಚಿ ಮಲಗಿಸುವುದು, ಇಕ್ಕಳ ಹಾಕಿ ಅಲ್ಲಾಡಿಸುವುದು, ಬಂದಷ್ಟು ಕಿತ್ತು ಉಳಿದ ಬೇರನ್ನು ಅಲ್ಲೇ ಬಿಡುವುದು. ಔಷಧದ ಪರಿಣಾಮ ಇಳಿಯುವ ಮೊದಲೇ ಕೆಲಸ ಮುಗಿಸಬೇಕೆಂಬ ಆತುರದಲ್ಲಿ ಸೂಕ್ಷ್ಮ ಕೆಲಸ ಸಾಧ್ಯವೇ ಇರಲಿಲ್ಲ. ಗಂಟಲಿಗೆ ನಳಿಕೆ ಇಳಿಸಿ, ಅದರ ಸುತ್ತ ಗಾಳಿತುಂಬಿದ ಪಟ್ಟಿಯಿಂದ ಶ್ವಾಸನಾಳ ಭದ್ರ ಮಾಡಿ, ಐಸೋಫ್ಲುರೇನ್ ಅನಿಲದಲ್ಲಿ ನಾಯಿಯನ್ನು ಸ್ಥಿರವಾಗಿ ಮಲಗಿಸುವ ಪದ್ಧತಿ ಕೈಗೆ ಬಂದ ಮೇಲೆಯೇ ನಾವು ನಿಜವಾಗಿ ಬಾಯೊಳಗೆ ನೋಡಲು ಕಲಿತದ್ದು.

ಆ ಕಾಲದ ನಮ್ಮ ಅಜ್ಞಾನವನ್ನು ಒಂದೇ ರೋಗದಿಂದ ಹೇಳಬಹುದು. ನಾಯಿಯ ಕಣ್ಣಿನ ಕೆಳಗೆ ಊತ ಬರುತ್ತದೆ, ಒಡೆದು ಕೀವು ಸೋರುತ್ತದೆ. ಗಾಯವೆಂದು ತೊಳೆದು ಆಂಟಿಬಯೋಟಿಕ್ ಕೊಟ್ಟರೆ ವಾರದಲ್ಲಿ ಒಣಗುತ್ತದೆ. ತಿಂಗಳೆರಡು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಊತ. ಹೀಗೆ ವರ್ಷಗಟ್ಟಲೆ ಊರೆಲ್ಲ ಅಲೆದು ಬಂದ ನಾಯಿಗಳನ್ನು ನಾನು ನೋಡಿದ್ದೇನೆ. ತುಟಿ ಎತ್ತಿದರೆ ಕಾರಣ ಕಣ್ಣೆದುರಿಗೇ ಇರುತ್ತದೆ: ಮೇಲ್ದವಡೆಯ ನಾಲ್ಕನೆಯ ಮುನ್ದವಡೆ ಹಲ್ಲು, ಹೊರಮೈ ಚಕ್ಕೆ ಎದ್ದಂತೆ ಸೀಳಿರುತ್ತದೆ. ನಾಯಿಯ 42 ಹಲ್ಲುಗಳಲ್ಲಿ ಮಾಂಸವನ್ನು ಕತ್ತರಿಯಂತೆ ಕತ್ತರಿಸುವ ಹಲ್ಲು ಇದು. ಬೇರು ಮೂರು, ಬೇರಿನ ತುದಿ ಕಣ್ಣಿನ ಕೆಳಗೇ. ಹಲ್ಲಿನೊಳಗಿನ ತಿರುಳು ಸತ್ತು ಸೋಂಕು ತುದಿಯಿಂದ ಹೊರಟರೆ ಕೀವಿಗೆ ಅದೇ ಹತ್ತಿರದ ದಾರಿ. ಹಲ್ಲಿಗೆ ಕೈಹಾಕದೆ ಬಾವು ವಾಸಿಯಾಗುವುದಿಲ್ಲ.

ಹೊರದೇಶಗಳಲ್ಲಿ ಪಶುದಂತವೈದ್ಯದ ಶಾಖೆ ಬೆಳೆದದ್ದು ಬೇಗ. ಕಾಲಿನ್ ಹಾರ್ವೆ ಸಂಪಾದಿಸಿದ ಪಶುದಂತವೈದ್ಯದ ಗ್ರಂಥ 1985ರಲ್ಲಿ ಬಂತು. ಅಮೆರಿಕದ ಪಶುದಂತವೈದ್ಯ ಕಾಲೇಜು 1988ರದು, ಯುರೋಪಿನದು 1998ರದು. ಹಲ್ಲುಗಳಿಗೆ ಟ್ರಯಡನ್ ಮಾಡಿದ ಸಂಖ್ಯಾಪದ್ಧತಿಯನ್ನು ಮೈಕೆಲ್ ಫ್ಲಾಯ್ಡ್ 1991ರಲ್ಲಿ ನಾಯಿ ಬೆಕ್ಕುಗಳಿಗೆ ಹೊಂದಿಸಿದರು. ಅಂದಿನಿಂದ 108, 208 ಎಂದರೆ ಮೇಲೆ ಹೇಳಿದ ಬಲ ಮತ್ತು ಎಡ ಹಲ್ಲು, 104 ಎಂದರೆ ಬಲಮೇಲಿನ ಕೋರೆ. ಇದು ಸಣ್ಣ ಸಂಗತಿಯಲ್ಲ. ಅದಕ್ಕೆ ಮೊದಲು ಒಬ್ಬ ವೈದ್ಯ ಬರೆದ ಚೀಟಿ ಇನ್ನೊಬ್ಬನಿಗೆ ಅರ್ಥವಾಗುವುದೇ ಕಷ್ಟವಿತ್ತು.

ಆದರೆ ಈ ಶಾಖೆಯನ್ನು ಬುಡಸಹಿತ ಬದಲಿಸಿದ ಕೆಲಸ ಫ್ರಾಂಕ್ ವರ್ಸ್ಟ್ರಾಟ್ ಮತ್ತು ಸಂಗಡಿಗರದು ಎಂದೇ ನನ್ನ ಅಭಿಪ್ರಾಯ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ನಾಯಿಗಳ ಇಡೀ ಬಾಯಿಗೆ ಎಕ್ಸ್‌ರೇ ತೆಗೆದು 1998ರಲ್ಲಿ ಅವರು ತೋರಿಸಿದ್ದು ಇಷ್ಟು: ಕಣ್ಣಿಗೆ ಏನೂ ದೋಷ ಕಾಣದ ನಾಯಿಗಳಲ್ಲೂ ಕಾಲುಭಾಗಕ್ಕಿಂತ ಹೆಚ್ಚಿನವುಗಳಲ್ಲಿ ಎಕ್ಸ್‌ರೇ ಚಿಕಿತ್ಸೆಗೆ ಬೇಕಾದ ವಿಷಯ ಹೊರಗೆಡಹಿತು. ಮೂರು ವರ್ಷದ ನಂತರ ಕೆನಡಾದ ಫ್ರೇಸರ್ ಹೇಲ್, ಮುರಿಯದೆ ಬರೀ ನೇರಳೆ, ಬೂದು ಬಣ್ಣಕ್ಕೆ ತಿರುಗಿದ ಹಲ್ಲುಗಳನ್ನು ಪರೀಕ್ಷಿಸಿ ಹತ್ತರಲ್ಲಿ ಒಂಬತ್ತರ ತಿರುಳು ಸತ್ತಿರುತ್ತದೆ ಎಂದರು. ಎಕ್ಸ್‌ರೇ ಇಲ್ಲದೆ ಹಲ್ಲಿನ ಬಗ್ಗೆ ತೀರ್ಪು ಕೊಡಬಾರದು ಎಂಬ ಪಂಥಕ್ಕೆ ನಾನು ಸೇರಿದವನು. ಅದಕ್ಕೆ ಕಾರಣ ಈ ಎರಡು ಕೆಲಸಗಳು, ಮತ್ತು ಅವನ್ನು ಓದಿದ ಮೇಲೆ ನನ್ನದೇ ಮೇಜಿನ ಮೇಲೆ ಕಂಡದ್ದು.

ಮುರಿದ ಹಲ್ಲನ್ನು ನೋಡುವ ಬಗೆ ಹೀಗೆ. ನಾಯಿಯ ಎನಾಮೆಲ್ ತೆಳು, ಹಲವು ಕಡೆ ಅರ್ಧ ಮಿಲಿಮೀಟರೂ ಇರುವುದಿಲ್ಲ. ಮನುಷ್ಯರ ದವಡೆ ಹಲ್ಲಿನಲ್ಲಿ ಎರಡೂವರೆ ಮಿಲಿಮೀಟರಿನವರೆಗೆ ಇರುತ್ತದೆ. ಹಲ್ಲು ಮುರಿದ ದಿನವೇ ತಂದರೆ ಮುರಿದ ಮೈಯ ನಡುವೆ ಕೆಂಪು ಚುಕ್ಕೆ ಕಾಣುತ್ತದೆ. ಅದು ಜೀವಂತ ತಿರುಳು, ಮುಟ್ಟಿದರೆ ರಕ್ತ ಒಸರುತ್ತದೆ. ತಿಂಗಳ ಮೇಲೆ ತಂದರೆ ಅದೇ ಜಾಗದಲ್ಲಿ ಕಪ್ಪು ಚುಕ್ಕೆ, ತೆಳು ಮೊನೆಯ ಸಲಾಕೆ ಅದರೊಳಗೆ ಇಳಿಯುತ್ತದೆ. ಕೆಲವು ಹಲ್ಲುಗಳಲ್ಲಿ ನಯವಾದ ಕಂದು ಕಲೆ ಇರುತ್ತದೆ, ಸಲಾಕೆ ಗಾಜಿನ ಮೇಲೆ ಎಳೆದಂತೆ ಜಾರಿಹೋಗುತ್ತದೆ. ಅಲ್ಲಿ ತಿರುಳು ತನ್ನನ್ನು ತಾನೇ ಹೊಸ ಡೆಂಟಿನ್‌ನಿಂದ ಮುಚ್ಚಿಕೊಂಡಿದೆ. ಒಂದು ಕಡೆಯ ಹಲ್ಲುಗಳ ಮೇಲೆ ಮಾತ್ರ ಕಿಟ್ಟ ದಪ್ಪಗೆ ಕಟ್ಟಿದ್ದರೆ ನಾಯಿ ಆ ಕಡೆಯಿಂದ ಅಗಿಯುವುದನ್ನೇ ಬಿಟ್ಟಿದೆ ಎಂದು ತಿಳಿಯಬೇಕು. ಊಟ ಬಿಡದ ನಾಯಿಯ ನೋವು ಕಾಣುವುದು ಇಲ್ಲಿ. ನಾಯಿ ನುಂಗುವ ಪ್ರಾಣಿ, ಅಗಿಯದೆಯೂ ತಟ್ಟೆ ಖಾಲಿ ಮಾಡುತ್ತದೆ.

ಆಮೇಲಿನ ದಾರಿ ಮೂರು. ತಿರುಳು ತೆರೆಯದಿದ್ದರೆ ಮೊನೆ ನಯಮಾಡಿ, ಮೇಲೆ ಸೀಲ್ ಹಾಕಿ, ತಿಂಗಳುಗಳ ನಂತರ ಮತ್ತೆ ಎಕ್ಸ್‌ರೇ ತೆಗೆದು ನೋಡುವುದು. ಎಳೆಯ ನಾಯಿಯ ಹಲ್ಲಿನಲ್ಲಿ ತಿರುಳು ತೆರೆದಿದ್ದರೆ ಅದನ್ನು ಜೀವಂತ ಉಳಿಸುವ ಯತ್ನ. ಇಲ್ಲಿ ಗಡಿಯಾರವೇ ವೈರಿ. ಡೇವಿಡ್ ಕ್ಲಾರ್ಕ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 48 ಗಂಟೆಯೊಳಗೆ ಚಿಕಿತ್ಸೆಯಾದ ಕೋರೆಹಲ್ಲುಗಳಲ್ಲಿ ನೂರಕ್ಕೆ 88 ಉಳಿದವು, ವಾರದೊಳಗಿನವುಗಳಲ್ಲಿ 41, ಮೂರು ವಾರಕ್ಕೆ 23. ತಿರುಳು ಸತ್ತಿದ್ದರೆ ರೂಟ್ ಕೆನಾಲ್, ಇಲ್ಲವೇ ಹಲ್ಲು ತೆಗೆಯುವುದು. ಹಾಲುಹಲ್ಲು ಮುರಿದರೆ ಮಾತ್ರ ಯೋಚನೆ ಬೇಡ, ತೆಗೆದುಬಿಡಬೇಕು. ಅದರ ಸೋಂಕು ಕೆಳಗೆ ಬೆಳೆಯುತ್ತಿರುವ ಕಾಯಂ ಹಲ್ಲನ್ನು ಕೆಡಿಸುತ್ತದೆ.

ರೂಟ್ ಕೆನಾಲ್ ಶ್ರೀಮಂತರ ಶೋಕಿ ಎಂಬ ಮಾತು ನಮ್ಮ ವೃತ್ತಿಯೊಳಗೇ ಇದೆ. ಅದನ್ನು ನಾನು ಒಪ್ಪುವುದಿಲ್ಲ. ಮೇಲಿನ ಕೋರೆ ಕಿತ್ತರೆ ಬಾಯಿಗೂ ಮೂಗಿಗೂ ನಡುವಿನ ತೆಳು ಗೋಡೆ ತೂತಾಗಬಹುದು. ಚಿಕ್ಕ ತಳಿಗಳ ಕೆಳಗಿನ ಕೋರೆ ಕೀಳುವಾಗ ದವಡೆಯೇ ಮುರಿಯಬಹುದು, ಏಕೆಂದರೆ ಅಲ್ಲಿ ಮೂಳೆಗಿಂತ ಬೇರೇ ಹೆಚ್ಚು. ಇನ್ನು ಫಲ: ಹೆಲೆನಾ ಕುಂಟ್ಸಿ ಮತ್ತು ಸಂಗಡಿಗರು 2002ರಲ್ಲಿ ವರದಿ ಮಾಡಿದ 127 ಪ್ರಕರಣಗಳಲ್ಲಿ ಸ್ಪಷ್ಟವಾಗಿ ಸೋತವು ನೂರಕ್ಕೆ ಐದಾರು ಮಾತ್ರ. ನಾವು ಇದನ್ನು ಕಲಿತದ್ದು ಮನುಷ್ಯರ ದಂತವೈದ್ಯರಿಂದ. ಬೇರಿನ ನಾಳ ಸ್ವಚ್ಛ ಮಾಡಲು ಹೈದರಾಬಾದಿನ ಕೋಠಿಯ ಸರ್ಜಿಕಲ್ ಅಂಗಡಿಗಳಲ್ಲಿ ಸಿಗುತ್ತಿದ್ದ ಫೈಲುಗಳು 21, 25, ಹೆಚ್ಚೆಂದರೆ 31 ಮಿಲಿಮೀಟರ್ ಉದ್ದ. ಜರ್ಮನ್ ಶೆಫರ್ಡಿನ ಕೋರೆಯ ಬೇರಿನ ತುದಿ ಮುಟ್ಟಲು 60 ಮಿಲಿಮೀಟರಿನ ಫೈಲು ಬೇಕು. ಮನುಷ್ಯರ ಫೈಲಿನಲ್ಲಿ ಅರ್ಧ ದಾರಿ ಸ್ವಚ್ಛ ಮಾಡಿ ಮುಚ್ಚಿದ ಹಲ್ಲುಗಳು ಆಮೇಲೆ ಕೀವುಗಟ್ಟಿಕೊಂಡು ವಾಪಸು ಬಂದವು, ಮತ್ತು ದೋಷ ರೂಟ್ ಕೆನಾಲಿನ ಮೇಲೆ ಬಿತ್ತು. ನಾಯಿಗೆ ತಕ್ಕ ಉದ್ದನೆಯ ಫೈಲುಗಳು ಕೈಗೆ ಬಂದ ಮೇಲೆ ಈ ಕೆಲಸದ ಮುಖವೇ ಬದಲಾಯಿತು.

ಇದರ ಬೆಲೆ ಚೆನ್ನಾಗಿ ಗೊತ್ತಿರುವುದು ದುಡಿಯುವ ನಾಯಿಗಳನ್ನು ಇಟ್ಟವರಿಗೆ. ಹೈದರಾಬಾದ್ ಹೊರವಲಯದ ಮೊಯಿನಾಬಾದಿನಲ್ಲಿ ತೆಲಂಗಾಣ ಪೊಲೀಸ್ ನಾಯಿಗಳ ತರಬೇತಿ ನಡೆಯುತ್ತದೆ, ಬೆಂಗಳೂರಿನ ಬಳಿ ತರಳುವಿನಲ್ಲಿ ಸಿ.ಆರ್.ಪಿ.ಎಫ್. ಶ್ವಾನಕೇಂದ್ರವಿದೆ, ಬಾಗಲಕೋಟೆಯ ತಿಮ್ಮಾಪುರದಲ್ಲಿ ಮುಧೋಳ ತಳಿಯ ಸಂಶೋಧನಾ ಕೇಂದ್ರ. ಮ್ಯಾಲಿನ್ವಾ ತಳಿಯಂಥ ಚುರುಕು ನಾಯಿ ಗೂಡಿನಲ್ಲಿ ಬೇಸರ ಬಂದಾಗ ಜಾಲರಿಯ ಕಂಬಿ ಕಚ್ಚಿ ಎಳೆಯುತ್ತದೆ. ಕೋರೆಯ ಹಿಂಬದಿ ದಿನದಿನವೂ ಸವೆದು, ಒಂದು ದಿನ ಕಚ್ಚುವ ಅಭ್ಯಾಸದಲ್ಲಿ ಪಟ್ಟನೆ ಮುರಿಯುತ್ತದೆ. ಹೊರದೇಶಗಳ ಸೇನೆ, ಪೊಲೀಸ್ ನಾಯಿಗಳಿಗೆ ಇಂಥ ಕೋರೆಗೆ ರೂಟ್ ಕೆನಾಲ್ ಮಾಡಿ ಲೋಹದ ಟೋಪಿ ಹಾಕುವ ವಾಡಿಕೆಯಿದೆ. ಗೂಡಿನ ಕಂಬಿಯ ಬದಲು ನುಣುಪು ಹಲಗೆ ಹಾಕಿದರೆ ಟೋಪಿಯ ಅಗತ್ಯವೇ ಎಷ್ಟೋ ಕಡಿಮೆಯಾಗುತ್ತದೆ.

ಇನ್ನು ತೋಳದ ವಾದ. ಬ್ಲೇರ್ ವಾನ್ ವಾಲ್ಕನ್‌ಬರ್ಗ್ 1988ರಲ್ಲಿ ಕಾಡಿನ ದೊಡ್ಡ ಮಾಂಸಾಹಾರಿಗಳ ತಲೆಬುರುಡೆಗಳನ್ನು ಪರೀಕ್ಷಿಸಿದಾಗ ಸುಮಾರು ನಾಲ್ಕರಲ್ಲಿ ಒಂದಕ್ಕೆ ಕನಿಷ್ಠ ಒಂದು ಹಲ್ಲು ಮುರಿದಿತ್ತು, ಮೂಳೆ ಕಡಿಯುವ ಕತ್ತೆಕಿರುಬಗಳಲ್ಲಿ ಎಲ್ಲಕ್ಕಿಂತ ಹೆಚ್ಚು. ಕಾಡಿನಲ್ಲೂ ಮೂಳೆ ಹಲ್ಲು ಮುರಿಯುತ್ತದೆ. ವ್ಯತ್ಯಾಸವಿಷ್ಟೇ, ಅಲ್ಲಿ ನೋವನ್ನು ನೋಡುವವರಿಲ್ಲ. ಬಿರಿಯಾನಿಯ ಊರಿನಲ್ಲಿ ತಟ್ಟೆಯಲ್ಲಿ ಉಳಿದ ನಲ್ಲಿ ಮೂಳೆ ನಾಯಿಗೆ ಹೋಗುವುದು ಪ್ರೀತಿಯಿಂದಲೇ ಎಂದು ನಾನು ಬಲ್ಲೆ. ಉಗುರು ಒತ್ತಿದರೆ ಕುಳಿ ಬೀಳದಷ್ಟು ಗಟ್ಟಿಯಾದ ಯಾವುದನ್ನೂ ನಾಯಿಗೆ ಕಡಿಯಲು ಕೊಡಬೇಡಿ ಎಂದಷ್ಟೇ ಬೇಡಿಕೊಳ್ಳುತ್ತೇನೆ. ಅರಿವಳಿಕೆಯಿಲ್ಲದ ಸ್ವಚ್ಛತೆಯನ್ನು ಜಾಗತಿಕ ಸಣ್ಣಪ್ರಾಣಿ ಪಶುವೈದ್ಯ ಸಂಘ ತನ್ನ ದಂತ ಮಾರ್ಗಸೂಚಿಯಲ್ಲಿ ನೇರವಾಗಿ ವಿರೋಧಿಸಿದೆ. ಎಚ್ಚರವಿರುವ ನಾಯಿಯ ಒಸಡಿನ ಕೆಳಗೆ ಉಪಕರಣ ಇಳಿಯುವುದಿಲ್ಲ, ಎಕ್ಸ್‌ರೇ ಆಗುವುದಿಲ್ಲ. ಹೊರಗಿನ ಹಲ್ಲು ಬೆಳ್ಳಗಾಗಿ ಒಳಗಿನ ರೋಗ ಮತ್ತೂ ಮರೆಯಾಗುತ್ತದೆ.

ನಮ್ಮಲ್ಲಿ ಇಂದಿಗೂ ಸ್ನಾತಕೋತ್ತರ ಓದಿನಲ್ಲಿ ದಂತವೈದ್ಯವು ಶಸ್ತ್ರಚಿಕಿತ್ಸೆ ಮತ್ತು ವಿಕಿರಣ ವಿಭಾಗದ ಒಳಗೇ ಉಳಿದಿದೆ. ದೊಡ್ಡ ಯಂತ್ರಗಳಿಗೆ ಹಣ ಸಿಗುತ್ತದೆ. ಬೆರಳಗಲದ ಎಕ್ಸ್‌ರೇ ಸೆನ್ಸರು, ಉದ್ದನೆಯ ಫೈಲು, ಹಲ್ಲನ್ನು ಬೇರುಬೇರಾಗಿ ಕತ್ತರಿಸುವ ಸಣ್ಣ ಡ್ರಿಲ್ಲು ಇವು ಬೇಡಿಕೆಪಟ್ಟಿಯ ಕೊನೆಗೂ ಬರುವುದಿಲ್ಲ. ದನದ ರೋಗದ ಬಗ್ಗೆ ಕನ್ನಡದಲ್ಲಿ ಕೈಪಿಡಿಗಳು ಬೇಕಾದಷ್ಟಿವೆ, ನಾಯಿಯ ಬಾಯಿಯ ಬಗ್ಗೆ ಹಳ್ಳಿಯ ಪಶುವೈದ್ಯನ ಕೈಗಿಡಬಹುದಾದ ಒಂದನ್ನು ನಾನು ಕಂಡಿಲ್ಲ. ಆದರೂ ಆರಂಭಿಸಲು ಒಂದು ದಾರಿಯಿದೆ: ಸಂತಾನಹರಣಕ್ಕೆಂದು ಹಿಡಿದು ತಂದ ಬೀದಿನಾಯಿ ಹೇಗೂ ಅರಿವಳಿಕೆಯಲ್ಲಿ ಮಲಗಿರುತ್ತದೆ. ಅದರ ತುಟಿ ಎರಡೂ ಕಡೆ ಎತ್ತಿ ನೋಡಿ, ಮುರಿದ ಹಲ್ಲಿದ್ದರೆ ಕಡತದಲ್ಲಿ ಸಂಖ್ಯೆ ಬರೆದು, ಕೀವುಗಟ್ಟಿದ್ದನ್ನು ಅದೇ ಅರಿವಳಿಕೆಯಲ್ಲಿ ತೆಗೆದುಬಿಡಲು ಹೊಸ ಕಟ್ಟಡ ಬೇಕಿಲ್ಲ. ಕಲಿತ ಒಬ್ಬ ವೈದ್ಯ ಮತ್ತು ಒಂದು ಪೆಟ್ಟಿಗೆ ಉಪಕರಣ ಸಾಕು.