ಬೈಗುಳದಿಂದ ಬಟನ್ನಿನವರೆಗೆ

ಹೋದ ದೀಪಾವಳಿಗೆ ಊರಿಗೆ ಹೋಗಿದ್ದೆ. ಮಾವ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಮೈಲ್ ಓದುತ್ತಿದ್ದರು. ಯಾವುದೋ ಪುಸ್ತಕದಂಗಡಿಯ ಮೈಲು. ಪೂರ್ತಿ ಓದಿದರು, ಒಂದೆರಡು ಹೆಸರು ಚೀಟಿಯಲ್ಲಿ ಬರೆದುಕೊಂಡರು, ಆಮೇಲೆ ಸೀದಾ 'ಸ್ಪ್ಯಾಮ್' ಅನ್ನೋ ಬಟನ್ ಒತ್ತಿಬಿಟ್ಟರು!

"ಅಯ್ಯೋ ಮಾವ, ಯಾಕೆ ಹಾಗೆ ಮಾಡಿದ್ರಿ? ನೀವೇ ಅಲ್ವಾ ಅಲ್ಲಿ ಹೆಸರು ಬರೆಸಿ ಬಂದಿದ್ದು?"

"ಓದಿ ಆಯ್ತಲ್ಲೋ. ಇನ್ಯಾಕೆ ಅದು?"

ಎಲ್ಲರೂ ನಕ್ಕರು. ನನಗೆ ಮಾತ್ರ ಹೊಟ್ಟೆಯೊಳಗೆ ಹಳೇ ಸಂಕಟ. ಯಾಕಂದ್ರೆ ಆ ಬಟನ್ನಿನ ಆಚೆ ತುದಿಯಲ್ಲಿ ಕೂತು ಕೆಲವು ವರ್ಷ ಸಂಬಳ ತೆಗೆದುಕೊಂಡವನು ನಾನು. ಅದರ ಕತೆ ಹೇಳೋ ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ.

1978ರ ಮೇ ತಿಂಗಳು. ಆಗಿನ್ನೂ ಅಂತರ್ಜಾಲ ಇಲ್ಲ, ಅದರ ಅಜ್ಜ ಅನ್ನಬಹುದಾದ ಆರ್ಪಾನೆಟ್ ಇತ್ತು. ದುಡ್ಡು ಅಮೆರಿಕದ ರಕ್ಷಣಾ ಇಲಾಖೆಯದು, ಬಳಸುವವರು ವಿಶ್ವವಿದ್ಯಾಲಯದವರು, ಸಂಶೋಧಕರು. ಡಿಇಸಿ ಅನ್ನೋ ಕಂಪ್ಯೂಟರ್ ಕಂಪನಿಯ ಮಾರಾಟ ವಿಭಾಗದ ಗ್ಯಾರಿ ಥರ್ಕ್ ಅನ್ನುವಾತನಿಗೆ ಒಂದು ಯೋಚನೆ ಬಂತು. ಕ್ಯಾಲಿಫೋರ್ನಿಯಾದಲ್ಲಿ ಹೊಸ ಯಂತ್ರದ ಪ್ರದರ್ಶನ ಇದೆ, ಒಬ್ಬೊಬ್ಬರಿಗೇ ಫೋನ್ ಮಾಡೋದ್ಯಾಕೆ? ಅಚ್ಚಾದ ಡೈರೆಕ್ಟರಿ ಇಟ್ಟುಕೊಂಡು ಪಶ್ಚಿಮ ಕರಾವಳಿಯ ಸುಮಾರು 400 ವಿಳಾಸಗಳನ್ನು ಟೈಪ್ ಮಾಡಿಸಿ ಒಂದೇ ಮಿಂಚಂಚೆ ಕಳಿಸಿದ. ಆ ತಂತ್ರಾಂಶಕ್ಕೆ ಅಷ್ಟು ವಿಳಾಸ ತುಂಬಿಕೊಳ್ಳುವ ಜಾಗವೇ ಇರಲಿಲ್ಲ. ಉಳಿದವು ತುಳುಕಿ ಪತ್ರದ ಒಳಗೇ ಚೆಲ್ಲಿದವು. ಓದುವವನಿಗೆ ಮೊದಲು ಕಾಣಿಸಿದ್ದು ಪುಟಗಟ್ಟಲೆ ಹೆಸರು, ಆಮೇಲೆ ಜಾಹೀರಾತು.

ಬೈಗುಳ ಶುರುವಾಯಿತು. ಜಾಲವನ್ನು ನೋಡಿಕೊಳ್ಳುತ್ತಿದ್ದ ಸೇನೆಯ ಅಧಿಕಾರಿಯೇ ಇದು ನಿಯಮದ ಉಲ್ಲಂಘನೆ ಅಂತ ಗದರಿಸಿದರು. ಇಲ್ಲೊಂದು ತಮಾಷೆ ಇದೆ. ಮುಂದೆ ಮುಕ್ತ ತಂತ್ರಾಂಶ ಚಳವಳಿ ಕಟ್ಟಿದ ರಿಚರ್ಡ್ ಸ್ಟಾಲ್ಮನ್ ಮೊದಲು, ಇದಕ್ಕೆಲ್ಲ ಯಾಕೆ ಇಷ್ಟು ಗಲಾಟೆ ಅನ್ನೋ ಧಾಟಿಯಲ್ಲಿ ಬರೆದ. ಅವನಿಗೆ ಆ ಪತ್ರ ಬಂದೇ ಇರಲಿಲ್ಲ! ಯಾರೋ ಒಂದು ಪ್ರತಿ ಕಳಿಸಿಕೊಟ್ಟ ಮೇಲೆ, ಅಷ್ಟುದ್ದದ ತಲೆಬರಹ ನೋಡಿ ಮಾತು ವಾಪಸ್ ತೆಗೆದುಕೊಂಡ. ತನ್ನ ಪೆಟ್ಟಿಗೆಗೆ ಬಂದು ಬಿದ್ದಾಗಲೇ ಗೊತ್ತಾಗೋದು ನೋಡಿ...

ಆಗ ದೂರು ಅಂದರೆ ಮನುಷ್ಯ ಮನುಷ್ಯನಿಗೆ ಬರೆಯುವ ಕಾಗದ. 1994ರ ಏಪ್ರಿಲ್‌ನಲ್ಲಿ ಅರಿಜೋನಾದ ಕ್ಯಾಂಟರ್ ಮತ್ತು ಸೀಗಲ್ ಅನ್ನೋ ವಕೀಲ ದಂಪತಿ ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಸಾವಿರಾರು ಯೂಸ್‌ನೆಟ್ ಗುಂಪುಗಳಿಗೆ ಸುರಿದಾಗಲೂ ಹಾಗೇ. ಸಿಟ್ಟಾದ ಜನ ಅವರಿಗೆ ಸಂಪರ್ಕ ಕೊಟ್ಟ ಕಂಪನಿಗೆ ಎಷ್ಟು ಮೈಲ್ ಬರೆದರೆಂದರೆ ಅದರ ಸರ್ವರ್ರೇ ಕುಸಿದು ಬಿತ್ತು. ಖಾತೆ ಮುಚ್ಚಿಸಿತು ಕಂಪನಿ. ಕಳಿಸಿದವನಿಗೆ ಬೈದು ಪ್ರಯೋಜನವಿಲ್ಲ, ಅವನಿಗೆ ದಾರಿ ಕೊಟ್ಟವನನ್ನು ಹಿಡಿಯಬೇಕು ಅನ್ನೋದು ಆಗ ಎಲ್ಲರಿಗೂ ತಿಳಿಯಿತು. 1997ರಲ್ಲಿ 'ಅಬ್ಯೂಸ್' ಹೆಸರಿನ ದೂರುಪೆಟ್ಟಿಗೆ ಇಡುವ ಪದ್ಧತಿ ಅಧಿಕೃತ ದಾಖಲೆಗೇ ಸೇರಿತು. ಅದೇ ವರ್ಷ ಪಾಲ್ ವಿಕ್ಸಿ ಕಪ್ಪುಪಟ್ಟಿ ಶುರುಮಾಡಿದ.

ನಿಜವಾದ ತಿರುವು ಎಓಎಲ್‌ನದು. 2002ರಲ್ಲಿ ಬಂದ ಅದರ 8.0 ಆವೃತ್ತಿಯಲ್ಲಿ ಸ್ಪ್ಯಾಮ್ ದೂರಿಗೊಂದು ಬಟನ್ ಇತ್ತು. ಕಾಗದ ಬರೆಯುವ ಕಷ್ಟ ಹೋಯಿತು. ಒಂದು ಒತ್ತು, ಅಷ್ಟೇ. ಆಮೇಲೆ ಎಓಎಲ್ ಆ ದೂರಿನ ಪ್ರತಿಯನ್ನು, ಕೇಳಿಕೊಂಡ ಕಳಿಸುವವರಿಗೂ ವಾಪಸ್ ಕಳಿಸತೊಡಗಿತು. ಇದಕ್ಕೆ ಫೀಡ್‌ಬ್ಯಾಕ್ ಲೂಪ್ ಅಂತ ಹೆಸರು. ಆದರೆ ದೂರಿದವರ ವಿಳಾಸ ಅಳಿಸಿರುತ್ತಿತ್ತು. ಯಾರು ಅಂತ ತಿಳಿಯಬೇಕಾದರೆ ಕಳಿಸುವಾಗಲೇ ಪ್ರತಿ ಪತ್ರದಲ್ಲೂ ಒಂದು ಗುಟ್ಟಿನ ಸಂಖ್ಯೆ ಸೇರಿಸಿರಬೇಕು.

ನಾನು ಬರೋದು ಇಲ್ಲಿಗೆ. 2006ರ ಸುಮಾರು, ಬೆಂಗಳೂರಿನ ಒಂದು ಸಣ್ಣ ಕಂಪನಿ. ಅಮೆರಿಕದ ಉದ್ಯೋಗ ತಾಣವೊಂದರ ಮೈಲುಗಳನ್ನು ರಾತ್ರಿ ಪಾಳಿಯಲ್ಲಿ ಕಳಿಸುವುದು ನಮ್ಮ ಕೆಲಸ. ಒಂದೇ ಸರ್ವರ್‌ನಿಂದ ಜಾಹೀರಾತೂ ಹೋಗುತ್ತಿತ್ತು, ಸಂದರ್ಶನದ ಕರೆಪತ್ರವೂ ಹೋಗುತ್ತಿತ್ತು. ಒಂದು ರಾತ್ರಿ ಒಹಾಯೊದಿಂದ ಹೆಂಗಸೊಬ್ಬರ ಫೋನು. ಕಿರುಚಲಿಲ್ಲ, ಅಳಲಿಲ್ಲ. ಸಂದರ್ಶನ ನಿನ್ನೆಯೇ ಮುಗಿದಿದೆ, ನಿಮ್ಮ ಪತ್ರ ಜಂಕ್ ಡಬ್ಬಿಯಲ್ಲಿ ಇವತ್ತು ಸಿಕ್ಕಿತು, ಅಷ್ಟು ಹೇಳಿ ಸುಮ್ಮನಾದರು. ನನಗೆ ಏನು ಹೇಳಬೇಕೋ ತೋಚಲಿಲ್ಲ.

ಆಮೇಲೆ ಹುಡುಕಿದೆ. ದೂರುಗಳು ಬರುವ ಪೆಟ್ಟಿಗೆಯೊಂದು ನಮ್ಮಲ್ಲೂ ಇತ್ತು, ಅದರ ಪಾಸ್‌ವರ್ಡ್ ಕೆಲಸ ಬಿಟ್ಟುಹೋದ ಯಾರದೋ ಜೊತೆ ಹೋಗಿತ್ತು! ತೆರೆಸಿ ನೋಡಿದರೆ ತಿಂಗಳುಗಟ್ಟಲೆ ದೂರು ಕೊಳೆಯುತ್ತಿತ್ತು. ಸಂಖ್ಯೆ ಹಿಡಿದು ವಿಂಗಡಿಸಿದಾಗ ಬಹುಪಾಲು ಒಂದೇ ಕಡೆ ಬೆರಳು ತೋರಿಸಿದವು: ಯಾವುದೋ ಮೇಳದಲ್ಲಿ ಗುಡಿಸಿ ತಂದಿದ್ದ ವಿಳಾಸಗಳು. ಆ ಪಟ್ಟಿಯನ್ನು ಸೇರಿಸಿ ಕಳಿಸಿದವನು ನಾನೇ. ಪಟ್ಟಿ ಕಿತ್ತುಹಾಕಿದೆವು, ದೂರಿದವರ ವಿಳಾಸ ಅದೇ ದಿನ ತೆಗೆಯುವ ಏರ್ಪಾಡಾಯಿತು, ಕರೆಪತ್ರಗಳಿಗೆ ಬೇರೆ ಸರ್ವರ್ ಬಂತು. ಪತ್ರಗಳು ಮತ್ತೆ ಸರಿಯಾದ ಪೆಟ್ಟಿಗೆಗೆ ಬೀಳಲು ವಾರಗಳೇ ಹಿಡಿದವು. ಆ ಹೆಂಗಸಿಗೆ ಇದರಿಂದ ಏನೂ ಆಗಲಿಲ್ಲ ಬಿಡಿ.

ಒಂದು ವಿಷಯ ತಲೆಗೆ ಹೋಗಲು ನನಗೆ ಬಹಳ ದಿನ ಬೇಕಾಯಿತು. ದೂರು ಕಡಿಮೆಯಾದರೆ ಖುಷಿಪಡುವಂತಿಲ್ಲ. ಜಂಕ್ ಡಬ್ಬಿಗೆ ಬಿದ್ದ ಪತ್ರವನ್ನು ಯಾರೂ ನೋಡುವುದಿಲ್ಲ, ನೋಡದವರು ಬಟನ್ ಒತ್ತುವುದೂ ಇಲ್ಲ. ಪೂರಾ ಮುಳುಗಿದವನ ಲೆಕ್ಕ ಬಲು ಸ್ವಚ್ಛ! ಜಿಮೇಲ್‌ನವರು 2015ರಲ್ಲಿ ಕಳಿಸುವವರಿಗಾಗಿ ತೆರೆದ ಪೋಸ್ಟ್‌ಮಾಸ್ಟರ್ ಟೂಲ್ಸ್‌ನಲ್ಲೂ ಇದೇ ಕತೆ. ಅದು ಯಾರು ದೂರಿದರು ಅಂತ ಹೇಳುವುದಿಲ್ಲ, ಬರೀ ಶೇಕಡಾ ಲೆಕ್ಕ.

2024ರ ಫೆಬ್ರವರಿಯಿಂದ ಗೂಗಲ್ ಇನ್ನೂ ಬಿಗಿ ಮಾಡಿತು. ದಿನಕ್ಕೆ 5000ಕ್ಕಿಂತ ಹೆಚ್ಚು ಮೈಲನ್ನು ಜಿಮೇಲ್ ಖಾತೆಗಳಿಗೆ ಕಳಿಸುವವರ ದೂರು ಶೇ. 0.3 ಮುಟ್ಟಬಾರದು, ಶೇ. 0.1ರ ಒಳಗಿದ್ದರೆ ಒಳ್ಳೆಯದು. ಅಂದರೆ 5000ಕ್ಕೆ 15 ಜನ ಒತ್ತಿದರೆ ಕತೆ ಮುಗಿಯಿತು. ಇದೇ ಅಳತೆ ಹಿಡಿದರೆ ಥರ್ಕ್‌ನ 400 ಜನರಲ್ಲಿ ಇಬ್ಬರು ಸಾಕಿತ್ತು :) ಜಾಹೀರಾತಿನ ಮೈಲುಗಳಲ್ಲಿ ಒಂದೇ ಒತ್ತಿಗೆ ಹೆಸರು ತೆಗೆಸಿಕೊಳ್ಳುವ ಸೌಲಭ್ಯ ಇಡಬೇಕು ಅಂತಲೂ ಆಯಿತು.

ಅದನ್ನೇ ಮಾವನಿಗೆ ತೋರಿಸಿಕೊಟ್ಟೆ. "ಇದು ಬೇಡ ಅಂದ್ರೆ ಇಲ್ಲಿ ಅನ್‌ಸಬ್‌ಸ್ಕ್ರೈಬ್ ಅಂತಿದೆಯಲ್ಲ, ಇದನ್ನು ಒತ್ತಿ ಮಾವ. ಸ್ಪ್ಯಾಮ್ ಅಂದ್ರೆ ಕಳ್ಳರ ಮೈಲಿಗೆ." ತಲೆಯಾಡಿಸಿದರು. ವಾರದ ಮೇಲೆ ಅತ್ತೆ ಫೋನ್ ಮಾಡಿದರು. ಕರೆಂಟ್ ಬಿಲ್ಲಿನ ಮೈಲು ಈ ಸಲ ಬಂದೇ ಇಲ್ಲವಂತೆ.